ಎರಡೇ ಎರಡು

ವಾಚಕರಲ್ಲಿ ಮೊದಲೇ ಒಂದು ಅರಿಕೆ. ಈ ಲೇಖನವು ಕುಡುಕರನ್ನು ಕುರಿತದ್ದಲ್ಲ. ಬೀದಿಯಲ್ಲಿ ಬಿದ್ದವನ ಕಥೆಯನ್ನೂ ಹೆಂಡತಿಯ ತಾಳಿಯನ್ನು ಅಡವಿಟ್ಟವನ ಕಥೆಯನ್ನೂ ನಮ್ಮ ಜನ ಹರಿಕಥೆಯಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಬೇಕಾದಷ್ಟು ಕೇಳಿದ್ದಾರೆ, ಕಂಡಿದ್ದಾರೆ. ಆ ಕಥೆಗಳಿಂದ ನಮಗೆ ಒಂದು ದೊಡ್ಡ ಉಪಕಾರವಾಗಿದ್ದಿತು: ಅವುಗಳಲ್ಲಿ ಬರುವವನು ನಾವಲ್ಲ ಎಂಬ ಸಮಾಧಾನ. ನಾವು ಬರೆಯಹೊರಟಿರುವುದು ಉಟ್ಟ ಬಟ್ಟೆ ಮಾಸದಂತೆ, ಆಡುವ ಮಾತು ತೊದಲದಂತೆ, ಯಾರ ಹತ್ತಿರವೂ ಸಾಲ ಮಾಡದೆ, ತನ್ನ ಮನೆಯ ಪಡಸಾಲೆಯಲ್ಲಿಯೇ ಕುಳಿತು, ಸಂಜೆ 'ಎರಡೇ ಎರಡು' ಕುಡಿಯುವ ಗೃಹಸ್ಥನನ್ನು ಕುರಿತು. ಆ ಗೃಹಸ್ಥರು ನಾವೇ. 'ನಾವು' ಎಂದರೆ ಒಬ್ಬರೇ. ತಪ್ಪೊಪ್ಪಿಗೆಯ ಸಂದರ್ಭದಲ್ಲಿ 'ನಾನು' ಎನ್ನುವುದಕ್ಕಿಂತ 'ನಾವು' ಎನ್ನುವುದು ಹೆಗಲಿಗೆ ಸ್ವಲ್ಪ ಹಗುರವಾಗಿರುತ್ತದೆ. ಅಷ್ಟು ಸಲಿಗೆಯನ್ನು ವಾಚಕರು ಕೊಡಬೇಕು.

ನಾವು ವೃತ್ತಿಯಿಂದ ಬ್ಯಾಂಕಿನವರು. 2018ರಲ್ಲಿ ನಿವೃತ್ತರಾಗಿ ಮೈಸೂರಿನಲ್ಲಿ ನೆಲಸಿದವರು. ನಮ್ಮ ಮನೆತನದಲ್ಲಿ ಮದ್ಯವನ್ನು ಮುಟ್ಟಿದವರಿರಲಿಲ್ಲ. ನಮಗೆ ಅದರ ಪರಿಚಯವಾದದ್ದು 1984ರ ಮಳೆಗಾಲದಲ್ಲಿ, ಸಕಲೇಶಪುರದ ಕಡೆಯ ಶಾಖೆಯೊಂದಕ್ಕೆ ವರ್ಗವಾಗಿ ಹೋಗಿದ್ದಾಗ. ಆ ಸೀಮೆಯ ಮಳೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಗೆದ ಅಂಗಿ ವಾರವಾದರೂ ಒಣಗದು. ಸೌದೆ ಹೊಗೆಯುವುದೇ ಹೊರತು ಉರಿಯದು. ಮಧ್ಯಾಹ್ನಕ್ಕೇ ದೀಪ ಹಚ್ಚಬೇಕು. ಒಂಟಿ ಕೋಣೆಯ ವಾಸ. ಮೇಲಧಿಕಾರಿಗಳೊಬ್ಬರು, ಅಕ್ಕರೆಯಿಂದಲೇ, 'ಚಳಿಗೆ ಒಳ್ಳೆಯದು' ಎಂದು ಲೋಟವೊಂದನ್ನು ಮುಂದಿಟ್ಟರು. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈ ಬೆಚ್ಚಗಾದಂತೆ ತೋರಿಸುವುದಲ್ಲದೆ, ನಿಜವಾಗಿ ಒಳಗಿನ ಶಾಖವನ್ನು ಹೊರಕ್ಕೆ ಬಿಟ್ಟುಬಿಡುತ್ತದೆ ಎಂಬುದನ್ನು ನಾವು ಎಷ್ಟೋ ವರ್ಷಗಳ ತರುವಾಯ ಓದಿದೆವು. ಓದುವ ವೇಳೆಗೆ ನಮಗೆ ಬಳ್ಳಾರಿಗೆ ವರ್ಗವಾಗಿದ್ದಿತು. ಅಲ್ಲಿ ಚಳಿಯಿರಲಿಲ್ಲ, ಆದಕಾರಣ ಸೆಕೆಗೆ ಒಳ್ಳೆಯದೆಂದು ಕುಡಿಯುತ್ತಿದ್ದೆವು.

ಹೀಗೆ ಆರಂಭವಾದದ್ದು ಮೂವತ್ತೆಂಟು ವರ್ಷ ನಡೆಯಿತು. ಮೊದಲು ಶನಿವಾರಗಳಲ್ಲಿ, ಆಮೇಲೆ ಶನಿವಾರ ಬುಧವಾರಗಳಲ್ಲಿ, ಕಡೆಗೆ ವಾರದ ಹೆಸರು ನೋಡುವ ಪದ್ಧತಿಯೇ ತಪ್ಪಿಹೋಯಿತು. ಆದರೆ ಎಲ್ಲವೂ ಒಂದು ಕ್ರಮದಲ್ಲಿ ನಡೆಯುತ್ತಿದ್ದಿತು. ಸಂಜೆ ಏಳೂವರೆಗೆ ಲೋಟ, ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ. ನಡುವೆ ಒಂದು ತಟ್ಟೆಯಲ್ಲಿ ಹುರಿದ ಕಡಲೆಬೀಜ, ಹಬ್ಬದ ಆಸುಪಾಸಿನಲ್ಲಿ ಕೋಡುಬಳೆ. ಸ್ನೇಹಿತರು ಇದಕ್ಕೆ 'ಸಂಧ್ಯಾವಂದನೆ' ಎಂದು ಹೆಸರಿಟ್ಟಿದ್ದರು. ನಾವೂ ನಗುತ್ತಿದ್ದೆವು. ನಮ್ಮ ಮನೆಯಾಕೆ ಆ ಮಾತಿಗೆ ನಕ್ಕದ್ದನ್ನು ನಾವು ನೋಡಿದ ನೆನಪಿಲ್ಲ. ಅವರು ನಗಲಿಲ್ಲವೆಂಬುದು ನಮ್ಮ ಗಮನಕ್ಕೆ ಬಂದ ನೆನಪೂ ಇಲ್ಲ.

ಆ ಹೊತ್ತಿನಲ್ಲಿ ಮನೆಯಲ್ಲಿ ಒಂದು ಬಗೆಯ ಶಾಂತಿ ಇರುತ್ತಿದ್ದಿತು. ಯಾರೂ ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ವಿದ್ಯುತ್ ಬಿಲ್ಲು, ತೆಂಗಿನಕಾಯಿಯವನ ಲೆಕ್ಕ, ಬಂಧುಗಳ ಮನೆಯ ನಾಮಕರಣಕ್ಕೆ ಏನು ಉಡುಗೊರೆ ಎಂಬುದು, ಎಲ್ಲವೂ ಏಳು ಗಂಟೆಯೊಳಗೆ ಮುಗಿದಿರುತ್ತಿದ್ದಿತು. ಪುಣೆಯಲ್ಲಿರುವ ಮಗಳು ದೂರವಾಣಿಯಲ್ಲಿ ಮಾತನಾಡುತ್ತಿದ್ದದ್ದೂ ಸಂಜೆ ಆರರ ಸುಮಾರಿಗೆ. ಇದನ್ನೆಲ್ಲ ನಾವು ನಮ್ಮ ವಯಸ್ಸಿಗೂ ಶ್ರಮಕ್ಕೂ ಸಂದ ಮರ್ಯಾದೆಯೆಂದು ಭಾವಿಸಿದ್ದೆವು.

2022ರ ಡಿಸೆಂಬರಿನಲ್ಲಿ, ಧನುರ್ಮಾಸ ಹಿಡಿದ ಮೂರನೆಯದೋ ನಾಲ್ಕನೆಯದೋ ರಾತ್ರಿ, ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಅವರಿಗೆ ಆಗ 86 ವರ್ಷ. ಬಿದ್ದ ಶಬ್ದವನ್ನು ನಾವು ಕೇಳಿದೆವು, ಪಾತ್ರೆ ಉರುಳಿತೆಂದುಕೊಂಡೆವು. ಮನೆಯಾಕೆ ಓಡಿದರು. ನಾವು ಏಳುವಷ್ಟರಲ್ಲಿ ಅವರು ತಾಯಿಯವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ಪಕ್ಕದ ಮನೆಯ ಹುಡುಗನಿಗೆ ದೂರವಾಣಿ ಮಾಡುತ್ತಿದ್ದರು. ಕಾರು ತೆಗೆಯಬೇಕೆಂದು. ನಮ್ಮ ಕಾರು, ನಮ್ಮ ಮನೆಯ ಮುಂದೆ ನಿಂತಿದ್ದದ್ದು. ನಾವು ಮೊಳೆಗೆ ತೂಗುಹಾಕಿದ್ದ ಬೀಗದ ಕೈಯನ್ನು ತೆಗೆದುಕೊಂಡು ಬಾಗಿಲಲ್ಲಿ ನಿಂತೆವು. ಹುಡುಗನು ಬಂದವನೇ 'ಕೊಡಿ ಅಂಕಲ್' ಎಂದು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡನು. 'ನೀವು ಓಡಿಸುತ್ತೀರಾ' ಎಂದು ಅವನೂ ಕೇಳಲಿಲ್ಲ, ಮನೆಯಾಕೆಯೂ ಕೇಳಲಿಲ್ಲ. ಅವರು ಮಾಡಿದ್ದು ನ್ಯಾಯವೇ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವವನು ಗಾಡಿ ನಡೆಸಕೂಡದೆಂದು ಮೋಟಾರು ವಾಹನಗಳ ಕಾಯಿದೆಯೇ ಹೇಳುತ್ತದೆ; ಆ ಮಿತಿಯನ್ನು ನಾವು ಎಂಟು ಗಂಟೆಗೇ ದಾಟಿದ್ದೆವು. ಆದರೆ ನಮ್ಮನ್ನು ಕುಟುಕಿದ್ದು ಕಾಯಿದೆಯಲ್ಲ. ಪಕ್ಕದ ಮನೆಯ ಹುಡುಗನಿಗೂ ಈ ಸಂಗತಿ ಗೊತ್ತಿದ್ದಿತು ಎಂಬುದು. ಅವನು ಯೋಚನೆಯನ್ನೇ ಮಾಡದೆ ಕೈ ನೀಡಿದನು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಬರೆಯುವುದು ಇನ್ನೂ ಕಷ್ಟ. ತೊಡೆಯ ಮೂಳೆಯ ಮೇಲ್ತುದಿ ಮುರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ತಿಳಿಯಿತು. ಮನೆಯಾಕೆ ಹಣ ಕಟ್ಟಲು ಹೋಗಿದ್ದರು. ಎಳೆಯ ವಯಸ್ಸಿನ ವೈದ್ಯೆಯೊಬ್ಬರು ಕಾಗದ ಹಿಡಿದು ಬಂದು ನಮ್ಮನ್ನು ಕೇಳಿದರು: 'ಅಜ್ಜಿಗೆ ರಕ್ತ ತೆಳುವಾಗುವ ಮಾತ್ರೆ ಏನಾದರೂ ಕೊಡುತ್ತಿದ್ದೀರಾ?' ನಾವು ತಲೆಯಲ್ಲಾಡಿಸಿ 'ಇಲ್ಲ' ಎಂದೆವು. ಸ್ಪಷ್ಟವಾಗಿ, ಗಂಭೀರವಾಗಿ ಎಂದೆವು. ಅವರು ಬರೆದುಕೊಂಡರು. ಮನೆಯಾಕೆ ಹಿಂದಿರುಗಿ ಬಂದು ಆ ಕಾಗದವನ್ನು ನೋಡಿದವರು, 'ಅಯ್ಯೋ, ಕೊಡುತ್ತೇವಮ್ಮಾ, ನಾಲ್ಕು ವರ್ಷದಿಂದ ಕೊಡುತ್ತೇವೆ' ಎಂದು ಚೀಲದಿಂದ ಮಾತ್ರೆಯ ಹಾಳೆಯನ್ನು ತೆಗೆದು ತೋರಿಸಿದರು. ವೈದ್ಯೆಯವರು ನಮ್ಮ ಕಡೆ ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿದರು. ಅಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಬೆನ್ನುಹುರಿಯ ಬಳಿ ಸೂಜಿ ಹಾಕಿ ಅರಿವಳಿಕೆ ಕೊಟ್ಟರೆ ಒಳಗೆ ರಕ್ತ ಸೋರಿ ಕಾಲುಗಳೇ ಬಿದ್ದುಹೋಗುವ ಅಪಾಯವುಂಟು. ಆದ್ದರಿಂದಲೇ ಕೇಳುತ್ತಾರೆ ಎಂಬುದನ್ನು ಮರುದಿನ ಹಿರಿಯ ವೈದ್ಯರು ವಿವರಿಸಿದರು. ತಿಂಗಳು ತಿಂಗಳೂ ಔಷಧದ ಅಂಗಡಿಗೆ ಹೋಗಿ ಆ ಮಾತ್ರೆಯನ್ನು ತರುತ್ತಿದ್ದವರು ಯಾರು? ನಾವೇ. ಹಗಲಿನಲ್ಲಿ ಕೇಳಿದ್ದರೆ ಅದರ ಹೆಸರು, ಪ್ರಮಾಣ, ಬೆಲೆ ಮೂರನ್ನೂ ಹೇಳುತ್ತಿದ್ದೆವು.

ತಾಯಿಯವರ ಚಿಕಿತ್ಸೆ ಚೆನ್ನಾಗಿಯೇ ನಡೆದು, ಹನ್ನೊಂದನೆಯ ದಿನ ಮನೆಗೆ ಬಂದರು. ಆ ದಿನಗಳಲ್ಲಿ ನಾವು ಕುಡಿಯಲಿಲ್ಲವೇ ಎಂದು ವಾಚಕರು ಕೇಳಬಹುದು. ಕುಡಿದೆವು. ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿಗಳಲ್ಲಿ, ಆಯಾಸ ಪರಿಹಾರಕ್ಕೆಂದು, ಹಿಂದಿಗಿಂತ ಸ್ವಲ್ಪ ಹೆಚ್ಚಾಗಿಯೇ. ಕಥೆಗಳಲ್ಲಿ ಪಶ್ಚಾತ್ತಾಪವಾದೊಡನೆ ಲೋಟವನ್ನು ಗೋಡೆಗೆ ಎಸೆದುಬಿಡುತ್ತಾರೆ. ನಮ್ಮದು ಒಳ್ಳೆಯ ಲೋಟ, ಮಗಳು ಕೊಡಿಸಿದ್ದು. ಎಸೆಯುವ ಯೋಚನೆ ಬರಲಿಲ್ಲ.

ಒಂದು ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಮನೆಯಾಕೆಯನ್ನು ಕೇಳಿದೆವು: 'ಇಷ್ಟು ವರ್ಷ ನೀನು ಒಂದು ದಿನವೂ ಇದನ್ನು ಬಿಡಿ ಎಂದು ಹೇಳಲಿಲ್ಲವಲ್ಲ, ಎಷ್ಟು ಕುಡಿಯುತ್ತೀರೆಂದು ಕೇಳಲೂ ಇಲ್ಲವಲ್ಲ.' ಆಕೆ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತದೆ ಹೇಳಿದರು: 'ಕೇಳಿದ್ದರೆ ನೀವು ಸುಳ್ಳು ಹೇಳಬೇಕಾಗುತ್ತಿತ್ತು. ಅದೊಂದು ಬೇಡವೆಂದು ಸುಮ್ಮನಿದ್ದೆ.' ಮಗಳು ಸಂಜೆ ಆರಕ್ಕೇ ಏಕೆ ಮಾತನಾಡುತ್ತಿದ್ದಳೆಂಬುದೂ ಆ ದಿನ ತಿಳಿಯಿತು. ಎಂಟರ ಮೇಲೆ ಮಾತನಾಡಿದರೆ ಹೇಳಿದ್ದನ್ನೇ ನಾವು ಹೇಳುತ್ತೇವೆಂದೂ, ಅವಳು ಹೇಳಿದ್ದು ಮರುದಿನ ನಮಗೆ ನೆನಪಿರುವುದಿಲ್ಲವೆಂದೂ, ಅವಳೂ ಅವಳ ತಾಯಿಯೂ ಎಂದೋ ಗೊತ್ತುಮಾಡಿಕೊಂಡಿದ್ದರಂತೆ. ನಾವು ಮರ್ಯಾದೆ ಎಂದುಕೊಂಡಿದ್ದ ಶಾಂತಿಯ ಅರ್ಥ ಅದು.

ನಾವು ಆಗಲೂ ವಾದ ಹೂಡಿದೆವು. 'ಎರಡೇ ಎರಡು ಪೆಗ್ಗು' ಎಂದೆವು. ನಮ್ಮ ಲೆಕ್ಕ ಗಟ್ಟಿಯಾಗಿದೆ ಎಂಬ ಭರವಸೆ ನಮಗಿದ್ದಿತು. ಮೂವತ್ತೇಳು ವರ್ಷ ಪರರ ಹಣದ ಲೆಕ್ಕ ನೋಡಿದವರಲ್ಲವೇ! ಆ ಭರವಸೆಯಿಂದಲೇ, ಆ ದಿನ ಸಂಜೆ, ಲೋಟಕ್ಕೆ ಎಂದಿನಂತೆ ಒಂದು ಪೆಗ್ಗು ಬಗ್ಗಿಸಿದ ಮೇಲೆ, ನೀರು ಬೆರೆಸುವ ಮೊದಲು, ತಾಯಿಯವರ ಔಷಧದ ಬಟ್ಟಲನ್ನು ತೆಗೆದುಕೊಂಡೆವು. ಮಲಬದ್ಧತೆಗೆ ಕೊಟ್ಟ ಔಷಧದ ಸೀಸೆಯ ತಲೆಯ ಮೇಲೆ ಬರುವ, 15 ಮಿಲಿಲೀಟರಿಗೆ ಗೆರೆ ಹಾಕಿದ, ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು. ದೊಡ್ಡ ಪೆಗ್ಗಿಗೆ 60 ಮಿಲಿಲೀಟರು, ನಾಲ್ಕು ಬಟ್ಟಲಾಗಬೇಕು. ಅಳೆದು ಅಳೆದು ಇನ್ನೊಂದು ಲೋಟಕ್ಕೆ ಸುರಿದೆವು. ನಾಲ್ಕಾಯಿತು. ಐದಾಯಿತು. ಆರನೆಯದೂ ತುಂಬಿತು. 90 ಮಿಲಿಲೀಟರು. ನಮ್ಮ ಕೈ ಅಷ್ಟು ಉದಾರವಾಗಿದೆಯೆಂಬುದು ನಮಗೇ ತಿಳಿದಿರಲಿಲ್ಲ. ಮರುದಿನ ತಾಯಿಯವರು ಔಷಧ ಕುಡಿಯುವಾಗ ಬಟ್ಟಲನ್ನು ಮೂಸಿ ನೋಡಿ, 'ಇದೇನೋ ಹೊಸ ವಾಸನೆ' ಎಂದರು. ಕಣ್ಣು ಮಂಜಾಗಿದ್ದರೂ ಅವರ ಮೂಗಿಗೆ ವಯಸ್ಸಾಗಿಲ್ಲ.

ಇನ್ನು ಲೆಕ್ಕ. ಎರಡು ತೊಂಬತ್ತು ಸೇರಿದರೆ 180 ಮಿಲಿಲೀಟರು, ಎಂದರೆ ಜನ ಕ್ವಾರ್ಟರು ಎನ್ನುವ ಸೀಸೆ. ಬ್ಯಾಂಕಿನಿಂದ ಮನೆಗೆ ಬರುವ ದಾರಿಯಲ್ಲಿ ಬ್ರಾಂದಿ ಅಂಗಡಿಯೊಂದರ ಮುಂದೆ ಕೂಲಿಯವರು ಅದನ್ನು ನಿಂತ ನಿಲುವಿನಲ್ಲಿ ಕುಡಿದು ಮುಗಿಸುತ್ತಿದ್ದುದನ್ನು ನಾವು ಎಷ್ಟೋ ಸಂಜೆ ಕಾರಿನೊಳಗಿಂದ ನೋಡಿ, 'ಪಾಪ, ಈ ಜನರ ಸಂಸಾರದ ಗತಿಯೇನು' ಎಂದು ಮರುಗಿದ್ದೆವು. ಮರುಗಿ, ಮನೆಗೆ ಬಂದು, ಅಷ್ಟನ್ನೇ ಎರಡು ಗಂಟೆಯಲ್ಲಿ ಕುಡಿಯುತ್ತಿದ್ದೆವು. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. ಸೀಸೆಯ ಮೇಲೆಯೇ ಅಚ್ಚಾಗಿರುತ್ತದೆ. ಆ ಲೆಕ್ಕದಲ್ಲಿ 180 ಮಿಲಿಲೀಟರಿಗೆ 77 ಮಿಲಿಲೀಟರು, ತೂಕದಲ್ಲಿ ಸುಮಾರು 61 ಗ್ರಾಮು ಶುದ್ಧ ಮದ್ಯಸಾರ. ಇಂಗ್ಲೆಂಡಿನಲ್ಲಿ 8 ಗ್ರಾಮನ್ನು ಒಂದು ಅಳತೆಯೆಂದು ಎಣಿಸುತ್ತಾರೆ; ವಾರಕ್ಕೆ ಹದಿನಾಲ್ಕು ಅಳತೆಯನ್ನು ಮೀರದಿರುವುದು ಲೇಸೆಂದು 2016ರಲ್ಲಿ ಅಲ್ಲಿಯ ವೈದ್ಯಾಧಿಕಾರಿಗಳು ಹೇಳಿದರು. ನಮ್ಮದು ವಾರಕ್ಕೆ ಐವತ್ತಮೂರು. 750 ಮಿಲಿಲೀಟರಿನ ಸೀಸೆ ಒಂದು ವಾರ ಬರಬೇಕಾದದ್ದು ಐದನೆಯ ದಿನ ಬರಿದಾಗುತ್ತಿದ್ದುದಕ್ಕೆ ನಾವು ಸೀಸೆಯ ತಳವನ್ನು ಒಳಕ್ಕೆ ಒತ್ತಿ ಮೋಸಮಾಡುತ್ತಾರೆಂದು ತಯಾರಿಸುವವರನ್ನು ಬೈಯುತ್ತಿದ್ದೆವು.

ಇದೇ ಲೆಕ್ಕದಿಂದ ಇನ್ನೊಂದು ಒಗಟೂ ಬಿಡಿಸಿತು. ಹಲವು ವರ್ಷಗಳಿಂದ ನಮಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿದ್ದಿತು. ಎದೆ ಡವಡವ, ಬಾಯಿ ಒಣಗು, ಯಾವುದೋ ತಪ್ಪು ಮಾಡಿದ ಭಾವನೆ. ವಯಸ್ಸಿನ ಲಕ್ಷಣವೆಂದು ತಿಳಿದಿದ್ದೆವು. ನಿದ್ರೆ ಬರಲಿ ಎಂದೇ ತಾನೆ ಎರಡನೆಯ ಪೆಗ್ಗು! ಯಕೃತ್ತು ಗಂಟೆಗೆ ಏಳೆಂಟು ಗ್ರಾಮು ಮದ್ಯಸಾರವನ್ನು ಮಾತ್ರ ಕರಗಿಸಬಲ್ಲುದು. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ, ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿದರೂ ಅದು ತನ್ನ ವೇಗವನ್ನು ಹೆಚ್ಚಿಸುವುದಿಲ್ಲ. 61 ಗ್ರಾಮಿಗೆ ಎಂಟು ಗಂಟೆಯ ಕೆಲಸ. ಏಳೂವರೆಗೆ ಕೆಲಸಕ್ಕೆ ಕುಳಿತ ಯಕೃತ್ತು ಮೂರೂವರೆಗೆ ಎದ್ದರೆ ಅದರ ತಪ್ಪೇನು? ಮದ್ಯವು ಬೇಗ ನಿದ್ರೆ ಬರಿಸುವುದು ನಿಜ. ಆದರೆ ರಕ್ತದಲ್ಲಿ ಅದು ಇಳಿಯುತ್ತ ಬಂದಂತೆ, ಅದುಮಿಟ್ಟಿದ್ದ ನರಮಂಡಲ ಪುಟಿದೇಳುತ್ತದೆ, ರಾತ್ರಿಯ ಉತ್ತರಾರ್ಧದ ನಿದ್ರೆ ಚೂರುಚೂರಾಗುತ್ತದೆ. ನಾವು ರಾತ್ರಿ ಹತ್ತರಿಂದ ಮೂರರವರೆಗೆ ಮಲಗಿ, ಅದಕ್ಕೆ ನಿದ್ರೆಯೆಂದು ಹೆಸರಿಟ್ಟಿದ್ದೆವು.

ತಾಯಿಯವರು ಹಾಸಿಗೆಯಲ್ಲಿದ್ದ ಆ ಜನವರಿಯಲ್ಲಿಯೇ, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ಶಾಖೆಯವರು ಒಂದು ಹೇಳಿಕೆಯನ್ನು ಹೊರಡಿಸಿದರು: ಮದ್ಯದಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು. ಅದೇ ತಿಂಗಳು ಕೆನಡಾದ ತಜ್ಞರು, ವಾರಕ್ಕೆ ಒಂದೆರಡು ಲೋಟದವರೆಗೆ ಅಪಾಯ ಕಡಮೆ, ಅಲ್ಲಿಂದ ಮುಂದೆ ಏರುತ್ತ ಹೋಗುತ್ತದೆ ಎಂದರು. ನಾವು ಇದನ್ನು ಓದಿ ಸಿಟ್ಟುಗೊಂಡೆವು. ನಮ್ಮ ಕಡತದಲ್ಲಿ 1990ರ ದಶಕದ ಪತ್ರಿಕೆಯ ತುಣುಕೊಂದಿತ್ತು: ಫ್ರಾನ್ಸಿನವರು ಬೆಣ್ಣೆ ತಿಂದರೂ ದ್ರಾಕ್ಷಾರಸ ಕುಡಿಯುವುದರಿಂದ ಅವರಿಗೆ ಹೃದ್ರೋಗ ಕಡಮೆ ಎಂಬ, 1991ರಲ್ಲಿ ಅಮೆರಿಕದ ದೂರದರ್ಶನದಿಂದ ಹಬ್ಬಿದ ವರ್ತಮಾನ. ನಾವು ಕುಡಿಯುತ್ತಿದ್ದದ್ದು ದ್ರಾಕ್ಷಾರಸವಲ್ಲ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರ. ಆದರೂ ಆ ತುಣುಕನ್ನು ಜೋಪಾನ ಮಾಡಿದ್ದೆವು. ಮದ್ಯವು ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ, ಎಂದರೆ ಅದಕ್ಕೂ ಮೂರು ವರ್ಷ ಮೊದಲೇ ನಿರ್ಣಯಿಸಿದ್ದಿತು. ಆ ತುಣುಕು ನಮ್ಮ ಕಡತದಲ್ಲಿರಲಿಲ್ಲ. ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಂತರೆಂದು ಹಿಂದಿನ ಲೆಕ್ಕಗಳಲ್ಲಿ ಕಂಡುಬಂದದ್ದಕ್ಕೂ ಒಂದು ಕಾರಣವುಂಟಂತೆ: 'ಕುಡಿಯದವರು' ಎಂಬ ಪಂಕ್ತಿಯಲ್ಲಿ, ಕುಡಿದು ಕಾಯಿಲೆ ಬಂದು ಬಿಟ್ಟವರನ್ನೂ ಸೇರಿಸಿ ಎಣಿಸಿದ್ದರು. ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಖಾತೆಗಳನ್ನು ಬೆರೆಸಿದ್ದರೆ ನಾವು ಅವರಿಗೆ ನೋಟೀಸು ಕೊಡುತ್ತಿದ್ದೆವು.

ಸರಕಾರವು ಏನು ಮಾಡಬೇಕೆಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಸೇಲಮ್ಮಿನಲ್ಲಿ ರಾಜಾಜಿಯವರು 1937ರಲ್ಲಿ ಪಾನನಿಷೇಧವನ್ನು ತಂದರು. ಸಂವಿಧಾನದ 47ನೆಯ ಅನುಚ್ಛೇದದಲ್ಲಿ ಅದರ ಮಾತಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ದಿನ ಸಂಜೆ ವರ್ತಮಾನವನ್ನು ದೂರದರ್ಶನದಲ್ಲಿ ನೋಡುತ್ತ, 'ಬಡವರ ಮನೆ ಉಳಿಯಿತು' ಎಂದು ಮನೆಯಾಕೆಗೆ ಹೇಳಿದ್ದು ನೆನಪಿದೆ. ಹೇಳುವಾಗ ನಮ್ಮ ಕೈಯಲ್ಲಿ ಏನಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇಲ್ಲಿ ರತ್ನನ ವಿಷಯವಾಗಿ ಒಂದು ಮಾತು. ಜಿ. ಪಿ. ರಾಜರತ್ನಂ ಅವರ ಪದಗಳನ್ನು ಹಾಡದೆ ನಮ್ಮ ಶನಿವಾರದ ಕೂಟ ಎಂದೂ ಮುಗಿಯುತ್ತಿರಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ನಾವೆಲ್ಲ ನಮಗೆ ತೋಚಿದಂತೆ ಕೆಡಿಸುತ್ತಿದ್ದೆವು. ಕನ್ನಡಿಗನಾದವನು ಕುಡಿಯುವುದಕ್ಕೆ ಕವಿಯೇ ಅಪ್ಪಣೆ ಕೊಟ್ಟಿದ್ದಾನೆ ಎಂಬ ಹೆಮ್ಮೆ ಬೇರೆ. ಆ ಪದಗಳನ್ನು ಬರೆದವರು ಮದ್ಯವನ್ನು ಮುಟ್ಟಿದವರಲ್ಲ. ಅದಿರಲಿ; ರತ್ನನೇ ಏನೆನ್ನುತ್ತಾನೆ? ದೇವರು ಎದುರಿಗೆ ಬಂದು ಕೇಳಿದರೆ ಹೆಂಡವನ್ನು ಬಿಟ್ಟುಬಿಡಲು ಅವನು ಕೂಡಲೇ ಸಿದ್ಧ. ಅವನು ಜಗಳಕ್ಕೆ ನಿಲ್ಲುವುದು ಕನ್ನಡವನ್ನು ಬಿಡು ಎಂದಾಗ ಮಾತ್ರ. ಮೂವತ್ತು ವರ್ಷ ಆ ಪದವನ್ನು ಹಾಡಿದ ನಮಗೆ ಅವನ ಆ ಸಿದ್ಧತೆ ಕಿವಿಗೆ ಬಿದ್ದೇ ಇರಲಿಲ್ಲ.

ನಾವು ಪ್ರತಿಜ್ಞೆ ಮಾಡಲಿಲ್ಲ. ಹಿಂದೆ ಎರಡು ಯುಗಾದಿಗಳಲ್ಲಿ ಮಾಡಿದ್ದ ಪ್ರತಿಜ್ಞೆಗಳ ಗತಿ ನಮಗೆ ತಿಳಿದಿದ್ದಿತು. ಬಟ್ಟಲಿನಿಂದ ಅಳೆಯದೆ ಕುಡಿಯುವುದಿಲ್ಲ ಎಂಬುದೊಂದನ್ನೇ ಗೊತ್ತುಮಾಡಿಕೊಂಡೆವು. ಮೊದಲ ತಿಂಗಳು ನಾಲ್ಕು ನಾಲ್ಕು ಬಟ್ಟಲಿನ ಎರಡು. ಎರಡನೆಯ ತಿಂಗಳು ಎರಡೆರಡು ಬಟ್ಟಲಿನ ಎರಡು. ಅನಂತರ ವಾರದಲ್ಲಿ ಮೂರು ದಿನ ಏನೂ ಇಲ್ಲ. ಅಳೆಯುವ ಕೆಲಸದಲ್ಲಿ ಒಂದು ವಿಚಿತ್ರವಾದ ನಾಚಿಕೆಯಿದೆ. ಕೈಗೆ ಬಂದಂತೆ ಬಗ್ಗಿಸುವಾಗ ಮನುಷ್ಯನು ಧಾರಾಳಿ. ಔಷಧದ ಬಟ್ಟಲಿನಿಂದ ಅಳೆಯುವಾಗ ರೋಗಿ. ಆ ನಾಚಿಕೆಯಿಂದಲೇ ಅರ್ಧ ಇಳಿಯಿತು.

ಕಷ್ಟವಾದದ್ದು ಬಾಯಾರಿಕೆಯಲ್ಲ, ಹೊತ್ತು. ಏಳೂವರೆಯಿಂದ ಒಂಬತ್ತೂವರೆಯವರೆಗೆ ಎರಡು ಗಂಟೆಗಳಿವೆ ಎಂಬುದನ್ನು ನಾವು 1984ರಿಂದೀಚೆಗೆ ಮರೆತಿದ್ದೆವು. ಕುಡಿಯದ ದಿನ ಅವು ಎಷ್ಟು ಉದ್ದವಾಗಿರುತ್ತವೆ! ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಅಂಗಳಕ್ಕೆ ತಿರುಗಿದೆವು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದೆವು. ಮನೆಯಾಕೆ ಎರಡು ದಿನ ಸಹಿಸಿ, ಮೂರನೆಯ ದಿನ ಊಟವನ್ನೇ ಎಂಟು ಗಂಟೆಗೆ ಬಡಿಸಿಬಿಟ್ಟರು. ಆ ಉಪಾಯಕ್ಕೆ ಸಮನಾದದ್ದನ್ನು ನಾವು ಯಾವ ಪುಸ್ತಕದಲ್ಲಿಯೂ ಕಾಣೆವು. ಅನ್ನ ತಿಳಿಸಾರು ಹೊಟ್ಟೆ ಸೇರಿದ ಮೇಲೆ ವಿಸ್ಕಿಯ ಆಸೆ ಮುಕ್ಕಾಲು ಪಾಲು ಅಡಗುತ್ತದೆ. ನಾವು ಆಸೆಯೆಂದು ತಿಳಿದದ್ದರಲ್ಲಿ ಬಹುಭಾಗ ಹಸಿವೇ ಆಗಿದ್ದಿತು. ಕೈಗೊಂದು ಲೋಟ ಬೇಕಲ್ಲ, ಅದಕ್ಕೆ ನಿಂಬೆಹಣ್ಣು, ಉಪ್ಪು, ಸೋಡ. ಅದೇ ಒಳ್ಳೆಯ ಲೋಟದಲ್ಲಿ.

ಈ ಸ್ಥಳದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ನಾವು ಮೆಲ್ಲಮೆಲ್ಲನೆ ಇಳಿಸಿದ್ದು ಕೇವಲ ಹೇಡಿತನದಿಂದಲ್ಲ. ನಮ್ಮ ಸಹೋದ್ಯೋಗಿಗಳಾಗಿದ್ದವರೊಬ್ಬರು, ಬೆಳಗ್ಗೆ ಕೈ ನಡುಗದೆ ಸಹಿ ಹಾಕಲಾರದಷ್ಟು ಕುಡಿಯುತ್ತಿದ್ದವರು, ಮಗನ ಮೇಲೆ ಆಣೆಯಿಟ್ಟು ಒಂದೇ ದಿನಕ್ಕೆ ನಿಲ್ಲಿಸಿದರು. ಮೂರನೆಯ ರಾತ್ರಿ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಂಡು ಕೂಗಿ, ಸೆಟೆದು ಬಿದ್ದರು. ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಉಳಿದರು. ಬಹಳ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಇಂತಹ ಸೆಳವೂ ಭ್ರಾಂತಿಯೂ ಬರುವುದುಂಟು, ಪ್ರಾಣಕ್ಕೂ ಅಪಾಯ. ಬೆಳಗ್ಗೆ ಎದ್ದೊಡನೆ ನಡುಕ, ಬೆವರು ಬಂದು, ಒಂದು ಗುಟುಕು ಬಿದ್ದರೆ ಶಮನವಾಗುವವರು ವೈದ್ಯರನ್ನು ಕಾಣದೆ ನಿಲ್ಲಿಸಕೂಡದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋದರೂ ಆಗುತ್ತದೆ. ನಿದ್ರೆಗೂ ನಡುಕಕ್ಕೂ ಕೆಲವು ದಿನದ ಔಷಧವನ್ನೂ, ನರಗಳಿಗೆ ಬೇಕಾದ ಬಿ-1 ಜೀವಸತ್ವವನ್ನೂ ಕೊಟ್ಟು, ಕಾವಲಿನಲ್ಲಿಟ್ಟು ನಿಲ್ಲಿಸುತ್ತಾರೆ. ನಾಚಿಕೆಪಡುವ ಸ್ಥಳವಲ್ಲ ಅದು. ನಮ್ಮ ಸಹೋದ್ಯೋಗಿಗಳು ಈಗ ಪ್ರತಿದಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆದಾಡುತ್ತಾರೆ, ನಮಗಿಂತ ವೇಗವಾಗಿ.

ಸ್ನೇಹಿತರ ವಿಷಯ. ಶನಿವಾರದ ಕೂಟದಲ್ಲಿ ನಾವು ಮೊದಲ ಸಲ ಸೋಡ ಕೇಳಿದಾಗ ಎಲ್ಲರೂ ಒಟ್ಟಾಗಿ, 'ಏನು, ಡಾಕ್ಟರು ಏನೆಂದರು?' ಎಂದು ಕೇಳಿದರು. ಕಾಯಿಲೆಯಿಲ್ಲದೆ ಮನುಷ್ಯನು ಕಡಮೆ ಕುಡಿಯಬಹುದೆಂಬುದನ್ನು ಅವರು ನಂಬಲಿಲ್ಲ. ನಲವತ್ತು ವರ್ಷದ ಗೆಳೆಯರೊಬ್ಬರು ನಿಜವಾಗಿಯೂ ನೊಂದುಕೊಂಡರು. ನಾವು ಅವರ ಕಡೆ ತಕ್ಕಡಿ ಹಿಡಿದು ಕುಳಿತಂತೆ ಅವರಿಗೆ ಅನ್ನಿಸಿತಂತೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕುಡಿಯದೆ ಕುಳಿತವನಿಗೆ ರಾತ್ರಿ ಒಂಬತ್ತರ ಮೇಲೆ ಕೂಟದ ಮಾತು ಎಷ್ಟು ನೀರಸವಾಗಿ ಕೇಳಿಸುತ್ತದೆಂಬುದನ್ನು ನಾವು ಆಗಲೇ ಕಂಡದ್ದು. ಒಂದೇ ಹಾಸ್ಯವನ್ನು ಅದೇ ಜನರು ಅದೇ ಜನರಿಗೆ ಹೇಳಿ ಕಣ್ಣೀರು ಬರುವಂತೆ ನಗುತ್ತಾರೆ. ಆ ಹಾಸ್ಯಗಳಲ್ಲಿ ಮೂರು ನಮ್ಮವೇ. ಈಗ ಆ ಗೆಳೆಯರನ್ನು ಬೆಳಗಿನ ಹೊತ್ತು ದೋಸೆಯ ಹೋಟೆಲಿನಲ್ಲಿ ಕಾಣುತ್ತೇವೆ. ಶನಿವಾರದ ಕೂಟಕ್ಕೆ ಹೋಗುವುದು ಅಪರೂಪ. ಅದರ ಬೇಸರ ನಮಗೆ ಇಲ್ಲವೆಂದರೆ ಸುಳ್ಳಾಗುತ್ತದೆ.

ಜಾರಲಿಲ್ಲವೆಂದೂ ಹೇಳಲಾರೆವು. 2023ರ ಮೇ ತಿಂಗಳಲ್ಲಿ ಹಾಸನದಲ್ಲಿ ಸೋದರಳಿಯನ ಮದುವೆ. ಆರತಕ್ಷತೆಯ ರಾತ್ರಿ ಛತ್ರದ ಹಿಂದಿನ ಕೋಣೆಯಲ್ಲಿ ಹಳಬರೆಲ್ಲ ಸೇರಿದ್ದರು. ಬಟ್ಟಲು ಮೈಸೂರಿನಲ್ಲಿದ್ದಿತು. ಎಷ್ಟು ಕುಡಿದೆವೆಂಬುದಕ್ಕೆ ಲೆಕ್ಕವಿಲ್ಲ. ಮರುದಿನ ಮುಹೂರ್ತಕ್ಕೆ ತಲೆ ಸಿಡಿಯುತ್ತ ಕುಳಿತಿದ್ದಾಗ ಮನೆಯಾಕೆ ಅಕ್ಷತೆಯ ಜೊತೆಗೆ ಒಂದು ಮಾತ್ರೆಯನ್ನೂ ಕೈಗೆ ಹಾಕಿದರು, ಏನೂ ಅನ್ನಲಿಲ್ಲ. ಆದರೆ ಮನೆಗೆ ಬಂದ ಸಂಜೆ ಅವರಾಗಿಯೇ ಕೇಳಿದರು: 'ಮೊನ್ನೆ ಎಷ್ಟು ಕುಡಿದಿರಿ?' ನಾವು 'ತಿಳಿಯದು, ಐದಿರಬೇಕು' ಎಂದೆವು. ಆಕೆ 'ಸರಿ' ಎಂದು ದೀಪ ಹಚ್ಚಲು ಹೋದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಯನ್ನು ಅವರು ಕೇಳಿದ್ದು ಅದೇ ಮೊದಲು.

ಈಗಿನ ಸ್ಥಿತಿ ಹೀಗಿದೆ. ಮನೆಯಲ್ಲಿ ಸೀಸೆ ಇಡುವುದಿಲ್ಲ. ತಿಂಗಳಿಗೆ ಒಂದೆರಡು ಸಲ, ಯಾರಾದರೂ ಬಂದರೆ, ನಾಲ್ಕು ಬಟ್ಟಲು; ಕೆಲವು ತಿಂಗಳು ಅದೂ ಇಲ್ಲ. ಪೂರ್ತಿ ಬಿಟ್ಟೆವೆಂದು ಹೇಳಿಕೊಳ್ಳುವ ಧೈರ್ಯ ನಮಗಿನ್ನೂ ಬಂದಿಲ್ಲ. ಬೆಳಗಿನ ಜಾವ ಮೂರರ ಎಚ್ಚರ ಆರು ವಾರಕ್ಕೆ ನಿಂತಿತು. ದಿನಕ್ಕೆ ನಾಲ್ಕು ಚಪಾತಿಗೆ ಸಮನಾದಷ್ಟು ಶಕ್ತಿ ಆ ವಿಸ್ಕಿಯೊಂದರಲ್ಲಿಯೇ ಇದ್ದಿತೆಂದು ಲೆಕ್ಕ ಹೇಳುತ್ತದೆ; ನಡುಕಟ್ಟು ಎರಡು ತೂತು ಒಳಕ್ಕೆ ಬಂದಿದೆ. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಅರ್ಧ ಮಾಡಿದರು. ಮಗಳು ಈಗ ರಾತ್ರಿ ಒಂಬತ್ತಕ್ಕೆ ಮಾತನಾಡುತ್ತಾಳೆ. ಅವಳ ಕಚೇರಿ ಬಿಡುವುದೇ ಏಳಕ್ಕಂತೆ. ಇಷ್ಟು ವರ್ಷ ಸಂಜೆ ಆರಕ್ಕೆ ಮೆಟ್ಟಲ ಮೇಲೆ ನಿಂತು ಮಾತನಾಡುತ್ತಿದ್ದಳು.

ತಾಯಿಯವರಿಗೆ ಈಗ 89. ನಾಲ್ಕು ಕಾಲಿನ ಊರೆಯನ್ನು ಹಿಡಿದು ನಡೆಯುತ್ತಾರೆ. ಎಂಟೂವರೆಗೆ ಊಟ ಮುಗಿಸಿ, ಪಡಸಾಲೆಯಲ್ಲಿ ನಮ್ಮ ಹಳೆಯ ಕುರ್ಚಿಯ ಎದುರಿಗೆ ಕುಳಿತು, ಚೌಕಾಬಾರದ ಹಲಗೆಯನ್ನು ಮೇಜಿನ ಮೇಲೆ ಹಾಸಿ, 'ಬಾರೋ, ನಿನ್ನ ಸಂಧ್ಯಾವಂದನೆಯ ಹೊತ್ತಾಯಿತು' ಎಂದು ಕರೆಯುತ್ತಾರೆ. ಆ ಹೆಸರು ಅವರ ಕಿವಿಗೂ ಬಿದ್ದಿದ್ದಿತು ಎಂದು ನಮಗೆ ತಿಳಿದಿರಲಿಲ್ಲ. ಕವಡೆ ಎಸೆಯುವಾಗ ಅವರು ಒಂದನ್ನು ಕಿರುಬೆರಳಿನಲ್ಲಿ ಹಿಡಿದು ಅಂಗಾತ ಬೀಳಿಸುತ್ತಾರೆಂಬ ಸಂಶಯ ನಮಗಿದೆ. ಕೇಳಿದರೆ ಕಣ್ಣು ಕಾಣುವುದಿಲ್ಲವೆನ್ನುತ್ತಾರೆ. ನಿನ್ನೆಯೂ ಸೋತೆವು.